ಮರಿ ಹಾಕಿ ಸಾಕಾದ ನಾಯಿಗೆ ನಾಲ್ಕು ತಿಂಗಳ ಮನೆ

ಮಲ್ಲಿಯನ್ನು ಮೊದಲ ದಿನ ಪಡಸಾಲೆಯಲ್ಲಿ ಬಿಟ್ಟೆವು. ಅಷ್ಟು ಜಾಗ ಇದ್ದರೂ ಒಂದು ಮೂಲೆ ಹಿಡಿದು ನಾಲ್ಕು ಹೆಜ್ಜೆ ಹಾಕಿ ತಿರುಗುತ್ತಿದ್ದಳು, ಮತ್ತೆ ನಾಲ್ಕು ಹೆಜ್ಜೆ, ಮತ್ತೆ ತಿರುಗುತ್ತಿದ್ದಳು. ಅವ್ವ ಬಾಗಿಲಲ್ಲಿ ನಿಂತು ನೋಡಿ "ತಲಿ ಕೆಟ್ಟೈತೇನು ಇದಕ್ಕ?" ಅಂದಳು. ತಲೆ ಕೆಟ್ಟಿರಲಿಲ್ಲ. ಅವಳಿದ್ದ ಪಂಜರ ಅಷ್ಟೇ ಉದ್ದ ಇತ್ತಂತೆ, ಬಿಡಿಸಿಕೊಂಡು ಬಂದ ಹುಡುಗರು ಆಮೇಲೆ ಹೇಳಿದರು.

ಬಳ್ಳಾರಿ ಊರ ಹೊರಗೆ ನಾಯಿಗಳಿಗೆ ಮರಿ ಹಾಕಿಸಿ ಮಾರುವ ಒಂದು ಶೆಡ್ಡಿಂದ ಬಂದ ಲ್ಯಾಬ್ರಡಾರ್ ಇವಳು. ಹಲ್ಲು ನೋಡಿ ಡಾಕ್ಟರ್ ಆರೇಳು ವರ್ಷ ಇರಬಹುದು ಅಂದರು. 2017ರ ಕೇಂದ್ರ ಸರ್ಕಾರದ ನಿಯಮದ ಪ್ರಕಾರ ಹೆಣ್ಣು ನಾಯಿಗೆ 18 ತಿಂಗಳು ತುಂಬದೆ ಮರಿ ಹಾಕಿಸುವ ಹಾಗಿಲ್ಲ, ವರ್ಷಕ್ಕೆ ಒಂದೇ ಸಲ, ಜೀವಮಾನಕ್ಕೆ ಐದೇ ಸಲ. ಮಲ್ಲಿಯ ಜೋತುಬಿದ್ದ ಹೊಟ್ಟೆ ನೋಡಿದರೆ ಆ ಶೆಡ್ಡಿನವರಿಗೆ ಇದರ ಗಾಳಿಯೂ ಸೋಕಿದ ಹಾಗಿರಲಿಲ್ಲ.

ಇಂಥ ನಾಯಿಯನ್ನು ಫಾಸ್ಟರ್ ಮಾಡೋದು ಅಂದರೆ ಬೇರೆ ಮನೆ ಸಿಗುವ ತನಕ ಇಟ್ಟುಕೊಂಡು, ಗುಣ ಮಾಡಿ, ಕೊಟ್ಟುಬಿಡೋದು. ಕೊಡೋಕೆ ಅಂತಲೇ ತಂದಿದ್ದೀರಿ, ಇದನ್ನು ಮೊದಲ ದಿನವೇ ಮನೆಯವರಿಗೆಲ್ಲ ಹೇಳಿಬಿಡಿ, ಮಕ್ಕಳಿದ್ದರೆ ಅವರಿಗೆ ಇನ್ನೂ ಗಟ್ಟಿಯಾಗಿ. ಬಾಡಿಗೆ ಮನೆಯಾದರೆ ಓನರ್‌ಗೂ ಹೇಳಿ, ಕದ್ದುಮುಚ್ಚಿ ಇಡುವಂಥದ್ದಲ್ಲ ಇದು, ರಾತ್ರಿ ಎರಡಕ್ಕೆ ಊಳಿಟ್ಟಾಗ ಇಡೀ ಓಣಿಗೆ ಗೊತ್ತಾಗುತ್ತೆ.

ಮೊದಲ ಮೂರು ದಿನ ಏನೂ ಮಾಡಬೇಡಿ. ನಿಜವಾಗಿ, ಏನೂ ಬೇಡ. ಸ್ನಾನ ಬೇಡ, ನೆಂಟರಿಗೆ ತೋರಿಸೋದು ಬೇಡ, ಅಪ್ಪಿಕೊಂಡು ಫೋಟೋ ಅಂತೂ ಬೇಡವೇ ಬೇಡ. ಒಂದು ಮೂಲೆ ಕೊಡಿ, ನೀರು ಇಡಿ, ನೀವು ಪಕ್ಕಕ್ಕೆ ತಿರುಗಿ ನೆಲದ ಮೇಲೆ ಕೂತು ನಿಮ್ಮ ಕೆಲಸ ನೋಡಿಕೊಳ್ಳಿ. ನಾನು ದಿನಾ ಅವಳ ಎದುರಿಗೆ ಕೂತು ಅವರೆಕಾಯಿ ಬಿಡಿಸುತ್ತಿದ್ದೆ. ಐದನೇ ದಿನ ಬಂದು ನನ್ನ ಮೊಣಕೈ ಮೂಸಿ ಹೋದಳು, ಅಷ್ಟೇ. ಫ್ಯಾನ್, ಮಿಕ್ಸಿ, ಮೆಟ್ಟಿಲು, ಕನ್ನಡಿ, ಇದ್ಯಾವುದೂ ಅವಳು ಕಂಡಿದ್ದಲ್ಲ. ಕುಕ್ಕರ್ ಸೀಟಿ ಹೊಡೆದರೆ ಉಚ್ಚೆ ಹೊಯ್ದುಕೊಳ್ಳುತ್ತಿದ್ದಳು.

ಉಚ್ಚೆ ವಿಷಯ ಬಂತಲ್ಲ, ಹೇಳಿಬಿಡ್ತೀನಿ. ಪಂಜರದ ನಾಯಿಗೆ ಮಲಗೋ ಜಾಗ ಬೇರೆ, ಹೇಲೋ ಜಾಗ ಬೇರೆ ಅನ್ನೋದೇ ಮರೆತು ಹೋಗಿರುತ್ತೆ. ಬೈದರೆ ನಿಮ್ಮನ್ನು ಕಂಡರೆ ಹೆದರೋದು ಕಲಿಯುತ್ತೆ, ಬೇರೇನೂ ಕಲಿಯಲ್ಲ. ಎದ್ದ ಕೂಡಲೇ, ತಿಂದ ಕೂಡಲೇ, ಮಲಗೋ ಮುಂಚೆ ಹೊರಗೆ ಕರ್ಕೊಂಡು ಹೋಗಿ, ಅಲ್ಲಿ ಮಾಡಿದರೆ ಒಂದು ಚೂರು ತಿನ್ನೋಕೆ ಕೊಡಿ. ನೆಲಕ್ಕೆ ಫಿನಾಯಿಲ್ ಸುರಿಯಬೇಡಿ, ನೆಕ್ಕಿದರೆ ವಿಷ. ಸೋಪಿನ ನೀರು, ಆಮೇಲೆ ಸ್ವಲ್ಪ ವಿನಿಗರ್ ಸಾಕು. ನಮ್ಮದು ಕಡಪ ಕಲ್ಲಿನ ನೆಲ, ಬಚಾವಾದೆವು.

ಹೊರಗೆ ಹೋಗುವಾಗ ಕೊರಳ ಬೆಲ್ಟಿಗೊಂದು, ಎದೆಗೆ ಹಾಕೋ ಹಾರ್ನೆಸ್‌ಗೊಂದು, ಎರಡು ಹಗ್ಗ ಇರಲಿ. ಹೆದರಿದ ನಾಯಿ ಹಿಂದಕ್ಕೆ ಜಗ್ಗಿದರೆ ಬೆಲ್ಟು ತಲೆ ಮೇಲಿಂದ ಸರಕ್ಕನೆ ಕಳಚಿ ಬರುತ್ತೆ. ಕೌಲ್ ಬಜಾರಿನ ಗದ್ದಲದಲ್ಲಿ ಹಾಗೆ ಓಡಿದ ನಾಯಿಯನ್ನು ಮತ್ತೆ ಹಿಡಿಯೋದು ದೇವರಿಗೇ ಕಷ್ಟ.

ಊಟ ಸ್ವಲ್ಪ ಸ್ವಲ್ಪ, ದಿನಕ್ಕೆ ಮೂರ್ನಾಲ್ಕು ಸಲ. ಬಡಕಲಾಗಿದೆ ಅಂತ ಒಂದೇ ಸಲ ತಟ್ಟೆ ತುಂಬ ಹಾಕಿದರೆ ಭೇದಿ ಗ್ಯಾರಂಟಿ. ಅನ್ನ, ಉಪ್ಪು ಖಾರ ಇಲ್ಲದೆ ಬೇಯಿಸಿದ ಕೋಳಿ, ಮೊಟ್ಟೆ, ಒಗ್ಗಿದರೆ ಮೊಸರು. ಉಳ್ಳಾಗಡ್ಡಿ, ಬೆಳ್ಳುಳ್ಳಿ, ದ್ರಾಕ್ಷಿ, ಚಾಕಲೇಟು ಕೂಡದು. ಅಂದರೆ ನಮ್ಮ ಮನೆಯ ಸಾರು ಪಲ್ಯ ಯಾವುದೂ ಕೂಡದು, ಒಗ್ಗರಣೆ ಮಂಡಕ್ಕಿಯಂತೂ ದೂರವೇ ಇರಲಿ.

ಡಾಕ್ಟರ್ ಹತ್ತಿರ ಮೊದಲ ವಾರದಲ್ಲೇ ಹೋಗಿ. ರಕ್ತ ಪರೀಕ್ಷೆ ಮಾಡಿಸಿ ಅಂತ ನೀವೇ ಕೇಳಿ. ನಮ್ಮ ಕಡೆ ನಾಯಿ ಮೈಗೆ ಕಚ್ಚಿಕೊಂಡು ರಕ್ತ ಹೀರೋ ಉಣ್ಣೆ ಹುಳ ಜಾಸ್ತಿ, ಉಣ್ಣೆಯಿಂದ ಬರೋ ಜ್ವರ ಮೇಲೆ ಏನೂ ಕಾಣದೆ ಒಳಗೊಳಗೇ ರಕ್ತ ಕೆಡಿಸುತ್ತೆ. ಜಂತಿನ ಔಷಧಿ, ರೇಬೀಸ್ ಲಸಿಕೆ, ಕಿವಿ, ಹಲ್ಲು, ಉಗುರು ಎಲ್ಲ ನೋಡಿಸಿ. ಮಲ್ಲಿಯ ಒಂದು ಉಗುರು ಸುತ್ತಿಕೊಂಡು ಪಾದದೊಳಗೇ ಇಳಿದಿತ್ತು. ಮೊಲೆಗಳಲ್ಲಿ ಗಂಟು ಇದೆಯಾ ಅಂತ ಕೈಯಾಡಿಸಿ ನೋಡಲು ಹೇಳಿ. ಇನ್ನೊಂದು, ಹೀಟ್, ಅಂದರೆ ಬೆದೆ, ಮುಗಿದ ಒಂದೆರಡು ತಿಂಗಳಲ್ಲಿ ನಾಯಿ ಊಟ ಬಿಟ್ಟು, ಮಂಕಾಗಿ, ಬಕೆಟ್‌ಗಟ್ಟಲೆ ನೀರು ಕುಡಿಯೋಕೆ ಶುರು ಮಾಡಿದರೆ ನಾಳೆ ನೋಡೋಣ ಅನ್ನಬೇಡಿ. ಗರ್ಭಕೋಶದಲ್ಲಿ ಕೀವು ತುಂಬಿರಬಹುದು. ಪ್ರಾಣಕ್ಕೆ ಬರುತ್ತೆ.

ಈಗ ಯಾರೂ ನನಗೆ ಮೊದಲೇ ಹೇಳದೆ ಇದ್ದ ವಿಷಯ. ಹಾಸಿಗೆ ಮಾಡೋಣ ಅಂತ ಪಕ್ಕದ ಜೀನ್ಸ್ ಹೊಲಿಯೋ ಘಟಕದಲ್ಲಿ ಕಟ್‌ಪೀಸ್ ಕೇಳಿದೆ. "ತಗೊಂಡ್ ಹೋಗ್ರಿ ಅಕ್ಕಾ, ಕಸಕ್ಕ ಹೋಗೋದೇ" ಅಂತ ಟೈಲರ್ ಅಣ್ಣ ಒಂದು ಗೋಣಿಚೀಲ ತುಂಬಿಸಿ ಕೊಟ್ಟರು. ಬಿಸಿನೀರಲ್ಲಿ ಒಗೆದು, ಒಣಗಿಸಿ ಹಾಸಿದೆ. ಮೂರನೇ ವಾರ ಒಂದು ಬೆಳಗ್ಗೆ ನೋಡಿದರೆ ಹಾಸಿಗೆ ಖಾಲಿ. ಒಂದೊಂದೇ ತುಂಡನ್ನು ಬಾಯಲ್ಲಿ ಕಚ್ಚಿ ಮಂಚದ ಕೆಳಗೆ ಸಾಗಿಸಿ, ಹೊಟ್ಟೆಯ ಹತ್ತಿರ ಸಾಲಾಗಿ ಇಟ್ಟುಕೊಂಡು ಮಲಗಿದ್ದಳು. ಒಂದು ನೀಲಿ ಜೇಬಿನ ತುಂಡನ್ನು ನೆಕ್ಕುತ್ತಿದ್ದಳು, ಬಿಟ್ಟು ಬಿಟ್ಟು, ನಿಧಾನವಾಗಿ, ಮರಿಯ ಹೊಟ್ಟೆ ನೆಕ್ಕಿದ ಹಾಗೆ. ನಾನು ಕೈ ಚಾಚಿದರೆ ಗುರ್ರ್ ಅಂದಳು, ಅಲ್ಲಿವರೆಗೂ ಒಂದು ಸಲವೂ ಗುರ್ ಅನ್ನದವಳು. ಮೊಲೆಯಲ್ಲಿ ಹಾಲು ಬೇರೆ ಇಳಿದಿತ್ತು.

ಇದು ಸುಳ್ಳು ಬಸುರು. ಹೀಟ್ ಮುಗಿದು 6–8 ವಾರಕ್ಕೆ ಹಾರ್ಮೋನ್ ಏರುಪೇರಿನಿಂದ ಹೀಗಾಗುತ್ತೆ, ಮರಿ ಇಲ್ಲದಿದ್ದರೂ. ಹಾಲು ಹಿಂಡಬೇಡಿ, ಬಟ್ಟೆಯಿಂದ ಒರೆಸಲೂ ಬೇಡಿ, ಮುಟ್ಟಿದಷ್ಟೂ ಹಾಲು ಬರುತ್ತೆ. ಅವಳು ಗುರ್ ಅಂದಾಗ ತುಂಡು ಕಿತ್ತುಕೊಳ್ಳೋಕೆ ಹೋಗಬೇಡಿ. ವಾಕಿಂಗ್‌ಗೆ ಹೋದಾಗ ಒಂದೊಂದೇ ತೆಗೆದಿಡಿ. ಸಾಮಾನ್ಯವಾಗಿ ಎರಡು ಮೂರು ವಾರಕ್ಕೆ ತಾನೇ ಇಳಿಯುತ್ತೆ, ಮೊಲೆ ಗಟ್ಟಿಯಾಗಿ ಕೆಂಪಾದರೆ ಡಾಕ್ಟರ್‌ಗೆ ತೋರಿಸಿ. ಇನ್ನು ಮುಖ್ಯವಾದದ್ದು, ಈ ಸಮಯದಲ್ಲಿ ಸಂತಾನಹರಣ ಆಪರೇಷನ್ ಮಾಡಿಸಬೇಡಿ, ಸುಳ್ಳು ಬಸುರು ಇಳಿಯದೆ ಹಾಗೇ ಉಳಿದುಬಿಡಬಹುದು. ಪೂರ್ತಿ ಇಳಿದ ಮೇಲೆ ಮಾಡಿಸಿ. ನಮಗೆ ನಾಲ್ಕು ತಿಂಗಳು ಹಿಡಿದದ್ದು ಇದಕ್ಕೇ. ಆದರೆ ಆಪರೇಷನ್ ಮಾಡಿಸದೆ ಮಾತ್ರ ಯಾರಿಗೂ ಕೊಡಬೇಡಿ. ಎಷ್ಟು ಒಳ್ಳೆಯವರಾದರೂ "ಒಂದೇ ಒಂದು ಸಲ ಮರಿ ಹಾಕಿಸೋಣ" ಅನ್ನೋ ಆಸೆ ಹುಟ್ಟುತ್ತೆ.

ಬೇಸಿಗೆ ಬಗ್ಗೆ ಬಳ್ಳಾರಿ ರಾಯಚೂರಿನವರಿಗೆ ಹೇಳಬೇಕಾಗಿಲ್ಲ. 40 ಡಿಗ್ರಿ ದಾಟಿದ ಮೇಲೆ ವಾಕಿಂಗ್ ಬೆಳಗ್ಗೆ ಆರರೊಳಗೆ, ರಾತ್ರಿ ಎಂಟರ ಮೇಲೆ. ರಸ್ತೆಗೆ ಅಂಗೈ ಹಿಂಭಾಗ ಇಟ್ಟು ಐದು ಸೆಕೆಂಡ್ ತಡೆಯೋಕೆ ಆಗದಿದ್ದರೆ ನಾಯಿ ಪಾದಕ್ಕೂ ಆಗಲ್ಲ.

ಇನ್ನು ಕೊಡುವ ಕೆಲಸ. ಇದನ್ನು ಕೊನೆಯ ವಾರಕ್ಕೆ ಇಟ್ಟುಕೊಳ್ಳಬೇಡಿ. ಮೊದಲ ವಾರದಿಂದಲೇ ಒಂದು ನೋಟ್‌ಬುಕ್ ಇಡಿ: ಏನು ತಿಂದಳು, ಯಾವುದಕ್ಕೆ ಹೆದರಿದಳು, ಎಲ್ಲಿ ಮುಟ್ಟಿದರೆ ಇಷ್ಟ, ಲಸಿಕೆ ಯಾವಾಗ. ಊಟ ಒಂದು ದಿನ ನೀವು ಹಾಕಿದರೆ ಇನ್ನೊಂದು ದಿನ ಬೇರೆಯವರು ಹಾಕಲಿ. ರಾತ್ರಿ ನಿಮ್ಮ ಹಾಸಿಗೆಯಲ್ಲಿ ಮಲಗಿಸಿಕೊಂಡರೆ ನಿಮಗೆ ಖುಷಿ, ನಾಳೆ ಹೊಸ ಮನೆಯಲ್ಲಿ ಅವಳಿಗೆ ಕಷ್ಟ. ನಾನು ಇದರಲ್ಲಿ ತಪ್ಪಿದೆ, ಎರಡು ವಾರ ಮಲಗಿಸಿಕೊಂಡು ಆಮೇಲೆ ಬಿಡಿಸೋಕೆ ಒಂದು ತಿಂಗಳು ಒದ್ದಾಡಿದೆ.

ಕೇಳಿಕೊಂಡು ಬರುವವರನ್ನು ಸಂಕೋಚ ಇಲ್ಲದೆ ಪ್ರಶ್ನೆ ಕೇಳಿ. ಹಗಲು ಮನೆಯಲ್ಲಿ ಯಾರಿರ್ತಾರೆ? ಊರಿಗೆ ಹೋದರೆ ನಾಯಿ ಎಲ್ಲಿ? ಗೇಟು ಎಷ್ಟೆತ್ತರ? ಒಬ್ಬರು "ತೋಟ ಕಾಯೋಕೆ ಬೇಕಿತ್ತು" ಅಂದರು, ಕೈಮುಗಿದು ಕಳಿಸಿದೆ. ಮೊದಲು ಅವರು ನಿಮ್ಮ ಮನೆಗೆ ಎರಡು ಸಲ ಬರಲಿ, ಆಮೇಲೆ ನೀವು ಅವರ ಮನೆ ನೋಡಿ. ಹೊಂದಿಕೆ ಆಗದಿದ್ದರೆ ನಾಯಿ ನಿಮ್ಮ ಹತ್ತಿರವೇ ವಾಪಸ್ ಬರಬೇಕು, ಬೇರೆಯವರಿಗೆ ದಾಟಿಸುವ ಹಾಗಿಲ್ಲ ಅಂತ ಕಾಗದದ ಮೇಲೆ ಬರೆಸಿಕೊಳ್ಳಿ.

ಮಲ್ಲಿ ಹೋಗಿದ್ದು ಹೊಸಪೇಟೆಗೆ, ರಿಟೈರ್ ಆದ ಗಂಡ ಹೆಂಡತಿ ಇರುವ ಮನೆಗೆ. 60 ಕಿಲೋಮೀಟರ್ ದಾರಿ, ಬೆಳಗ್ಗೆ ಐದಕ್ಕೇ ಹೊರಟೆವು. ಹೊರಡುವ ಮುಂಚೆ ಹೊಟ್ಟೆ ತುಂಬ ಹಾಕಬೇಡಿ, ಕಾರಲ್ಲಿ ವಾಂತಿ ಆಗುತ್ತೆ. ತೋರಣಗಲ್ಲು ದಾಟೋ ತನಕ ನನ್ನ ತೊಡೆ ಮೇಲೆ ಗದ್ದ ಇಟ್ಟಿದ್ದಳು, ಅದಿರಿನ ಲಾರಿಗಳು ಹಾರ್ನ್ ಹೊಡೆದರೂ ನಡುಗಲಿಲ್ಲ. ಅವಳ ಬಟ್ಟಲು, ಒಂದು ವಾರದ ಊಟ, ನೋಟ್‌ಬುಕ್, ಒಗೆಯದ ಜೀನ್ಸ್ ತುಂಡುಗಳು, ಇಷ್ಟು ಜೊತೆಗೆ ಕೊಟ್ಟೆ. ಬಟ್ಟೆಯಲ್ಲಿ ಹಳೆ ವಾಸನೆ ಇದ್ದರೆ ರಾತ್ರಿ ನಿದ್ದೆ ಬರುತ್ತೆ. ಅಳು ಬಂದರೆ ಕಾರಲ್ಲಿ ಅಳಿ, ಅವಳ ಕೊರಳು ತಬ್ಬಿಕೊಂಡು ಅತ್ತರೆ ಅವಳು ಗಾಬರಿಯಾಗ್ತಾಳೆ. ಬಟ್ಟಲಿಗೆ ಊಟ ಹಾಕಿಸಿ, ಅವಳು ತಿನ್ನುವಾಗ ಎದ್ದು ಬನ್ನಿ. ಒಂದು ತಿಂಗಳು ನೋಡೋಕೆ ಹೋಗಬೇಡಿ, ಫೋನ್ ಮಾಡಿ ಕೇಳಿ ಸಾಕು.

ಮನೆಗೆ ಬಂದ ಮೇಲೆ ಮಾಡಬೇಕಾದ್ದು ಒಂದಿದೆ. ಉಳಿದ ಹಾಸಿಗೆ ಬಟ್ಟೆಯೆಲ್ಲ ಬಿಸಿನೀರಲ್ಲಿ ನೆನೆಸಿ ಮಾಳಿಗೆ ಮೇಲೆ ಬಿಸಿಲಿಗೆ ಹಾಕಿ, ಗೋಡೆಯ ಬಿರುಕಿಗೆ ಉಣ್ಣೆ ಔಷಧಿ ಹೊಡೆಸಿ. ಉಣ್ಣೆ ಏನೂ ತಿನ್ನದೆ ತಿಂಗಳುಗಟ್ಟಲೆ ಬಿರುಕಲ್ಲೇ ಬದುಕಿರುತ್ತೆ, ಮುಂದಿನ ನಾಯಿಗೆ ಹತ್ತುತ್ತೆ. ನಾನು ಮಂಚ ಸರಿಸಿದಾಗ ಆ ನೀಲಿ ಜೇಬಿನ ತುಂಡು ಗೋಡೆ ಸಂದಿಯಲ್ಲಿ ಸಿಕ್ಕಿತು, ಅದನ್ನೂ ಬಿಸಿನೀರಿಗೆ ಹಾಕಿದೆ. ಅವ್ವ ಮಾತ್ರ ಇನ್ನೊಂದು ವಾರ ರಾತ್ರಿ ರೊಟ್ಟಿಯಲ್ಲಿ ಒಂದು ಚೂರು ಮುರಿದು ತಟ್ಟೆಯ ಅಂಚಿಗೆ ಇಡುತ್ತಿದ್ದಳು. ಆಮೇಲೆ ನೆನಪಾಗಿ ತಾನೇ ತಿನ್ನುತ್ತಿದ್ದಳು.