ಹಿರಿಯರೊಂದಿಗೆ ಮೆಡಿಟರೇನಿಯನ್ ಕ್ರೂಸ್: ದಕ್ಕೆಯ ದೂರ ನೋಡಿ ಹಡಗು ಆರಿಸಿದ ನನ್ನ ಅನುಭವ

ಎಪ್ಪತ್ತು ದಾಟಿದ ಮೂವರನ್ನು, ಅಂದರೆ ತಂದೆ, ತಾಯಿ ಮತ್ತು ತಂದೆಯವರ ಅಕ್ಕನನ್ನು, ಬಾಗಲಕೋಟೆಯ ನವನಗರದಿಂದ ಹೊರಡಿಸಿ, ಇಟಲಿಯ ಜಿನೋವಾದಲ್ಲಿ ಹಡಗು ಹತ್ತಿಸಿ, ಏಳು ರಾತ್ರಿಯ ಸುತ್ತು ಮುಗಿಸಿ, ಯಾರ ಕಾಲೂ ಉಳುಕದಂತೆ ಮನೆಗೆ ಕರೆತಂದಿದ್ದೇನೆ. ಇದನ್ನು ಹೆಮ್ಮೆಯಿಂದಲೇ ಬರೆಯುತ್ತಿದ್ದೇನೆ, ಏಕೆಂದರೆ ಹೊರಡುವ ಮುಂಚೆ ನಮ್ಮ ಬಳಗದಲ್ಲಿ ಇದು ಆಗುವ ಮಾತು ಎಂದವರು ಒಬ್ಬರೂ ಇರಲಿಲ್ಲ. “ತಮ್ಮಾ, ಮಂತ್ರಾಲಯಕ್ಕ ಹೋಗಿ ಬಂದ್ರ ಎರಡು ದಿನಾ ಮಲಗತಾರ, ಅವರನ್ನ ಸಮುದ್ರದ ಮ್ಯಾಲ ಒಯ್ಯತಿಯೇನು?” ಎಂದು ಸೋದರಮಾವನವರು ಕೇಳಿದ್ದರು. ಹಿರಿಯರಿಗೆ ಬಸ್ಸಿನಲ್ಲಿ ಯುರೋಪ್ ಸುತ್ತುವುದೇ ವಾಸಿ ಎಂದು ಪರಿಚಯದವರೊಬ್ಬರು ಬಹಳ ಹೊತ್ತು ವಾದಿಸಿದರು. ದಿನಾ ಬೆಳಿಗ್ಗೆ ಪೆಟ್ಟಿಗೆ ಕಟ್ಟಿ ದಿನಾ ರಾತ್ರಿ ಬೇರೆ ಹೊಟೇಲಿನಲ್ಲಿ ಬಿಚ್ಚುವ ಆ ಪ್ರವಾಸ ನಮ್ಮ ವಯಸ್ಸಿನವರಿಗೇ ಕಷ್ಟ. ಹಡಗಿನಲ್ಲಿ ಪೆಟ್ಟಿಗೆ ಒಮ್ಮೆ ಬಿಚ್ಚಿದರೆ ಮುಗಿಯಿತು, ಊರುಗಳು ತಾವಾಗಿಯೇ ಕಿಟಕಿಯ ಹತ್ತಿರ ಬರುತ್ತವೆ.

ನನ್ನ ವಿಧಾನದ ತಿರುಳು ಇಷ್ಟೇ: ಬಂದರುಗಳ ಹೆಸರು ನೋಡಿ ಹಡಗು ಆರಿಸಲಿಲ್ಲ. ಹಡಗಿನಿಂದ ಇಳಿಯುವ ದಕ್ಕೆಯಿಂದ ಊರಿನ ಮೊದಲ ಕೂರುವ ಜಾಗಕ್ಕೆ ಎಷ್ಟು ದೂರ, ದಾರಿ ಸಮತಟ್ಟೋ ಏರೋ, ಹಡಗು ದಕ್ಕೆಗೆ ಒರಗಿ ನಿಲ್ಲುತ್ತದೆಯೋ ಅಥವಾ ನಡುನೀರಿನಲ್ಲಿ ನಿಂತು ಸಣ್ಣ ದೋಣಿಗಳಲ್ಲಿ ಜನರನ್ನು ಸಾಗಿಸುತ್ತದೆಯೋ, ಈ ಮೂರನ್ನೇ ಉಪಗ್ರಹ ನಕ್ಷೆಯಲ್ಲಿ ಅಳೆದು ಒಂದು ಹಾಳೆಯಲ್ಲಿ ಬರೆದುಕೊಂಡೆ. ಪ್ರಸಿದ್ಧ ಊರುಗಳಲ್ಲಿ ಅರ್ಧದಷ್ಟು ಇಲ್ಲಿಯೇ ಬಿದ್ದುಹೋದವು.

ಇದಕ್ಕೂ ಮುಂಚೆ ಒಂದು ಪ್ರಯತ್ನ ಹಾಳಾಗಿತ್ತು. ದೊಡ್ಡ ನಗರದ ಒಂದು ಪ್ರವಾಸ ಸಂಸ್ಥೆಗೆ ಗ್ರೀಸ್ ಕಡೆಯ ಕ್ರೂಸ್ ತಂಡಕ್ಕಾಗಿ ಮುಂಗಡ ಕಟ್ಟಿದ್ದೆವು. ತಲೆಗೆ ಮೂರು ಲಕ್ಷದ ಮೇಲೆ ಹೇಳಿದ್ದರು. ತಂಡ ತುಂಬಲಿಲ್ಲವೆಂದು ತಿಂಗಳು ಮುಂದಕ್ಕೆ ಹಾಕಿದರು, ಮತ್ತೆ ಹಾಕಿದರು, ಕೊನೆಗೆ ಹಣ ಕೇಳಿದಾಗ ಸುಮಾರು ನಲವತ್ತು ಸಾವಿರ ಹಿಡಿದುಕೊಂಡು ಉಳಿದದ್ದನ್ನು ಕೊಟ್ಟರು. ನಲವತ್ತು ಸಾವಿರ ಹೋಯಿತೆಂದು ಮನೆಯಲ್ಲಿ ಮಾತೇ ನಿಂತಿತ್ತು. ಆದರೆ ಅವರು ಕೊಟ್ಟಿದ್ದ ಕಾರ್ಯಕ್ರಮವನ್ನು ಆಮೇಲೆ ನಿಧಾನವಾಗಿ ಅಳೆದು ನೋಡಿದಾಗ, ಆ ತಂಡ ಹೊರಡದೆ ಹೋದದ್ದೇ ಒಳ್ಳೆಯದಾಯಿತು ಎನಿಸಿತು. ಆ ಕಾರ್ಯಕ್ರಮದಲ್ಲಿದ್ದ ಗ್ರೀಸಿನ ಸ್ಯಾಂಟೊರಿನಿ ದ್ವೀಪದಲ್ಲಿ ಹಡಗು ದಕ್ಕೆಗೆ ಬರುವುದಿಲ್ಲ. ಅಲೆಗೆ ತೂಗುವ ದೋಣಿಗೆ ಕಾಲಿಟ್ಟು ಇಳಿಯಬೇಕು, ಹಳೆಯ ಬಂದರಿನಿಂದ ಮೇಲಿನ ಊರಿಗೆ ಕೇಬಲ್ ಕಾರಿನ ಸಾಲಿನಲ್ಲಿ ನಿಲ್ಲಬೇಕು, ಇಲ್ಲವಾದರೆ ಐದುನೂರಕ್ಕೂ ಹೆಚ್ಚು ಮೆಟ್ಟಿಲು. ಮೊಣಕಾಲು ಸವೆದ ನಮ್ಮ ಅತ್ತೆಗೆ ಅದು ಸಾಧ್ಯವೇ ಇರಲಿಲ್ಲ.

ಯಾರ ಶಕ್ತಿ ಎಷ್ಟು ಎಂದು ತಿಳಿಯಲು ದೂರ ಹೋಗಬೇಕಾಗಲಿಲ್ಲ. ಒಂದು ಭಾನುವಾರ ಪಟ್ಟದಕಲ್ಲಿಗೆ, ಇನ್ನೊಂದು ಭಾನುವಾರ ಬಾದಾಮಿಗೆ ಕರೆದುಕೊಂಡು ಹೋದೆ. ಪರೀಕ್ಷೆಯೆಂದು ಅವರಿಗೆ ಹೇಳಲಿಲ್ಲ. ಪಟ್ಟದಕಲ್ಲಿನ ಗುಡಿಗಳ ಅಂಗಳ ಸಮತಟ್ಟಾದ್ದರಿಂದ ತಂದೆಯವರು ಒಂದೂವರೆ ಕಿಲೋಮೀಟರಿನಷ್ಟು ನಡೆದರು, ತಾಯಿ ಒಂದು ಕಿಲೋಮೀಟರಿಗೆ ಕುಳಿತರು, ಅತ್ತೆ ನಾಲ್ಕುನೂರು ಮೀಟರಿಗೆ ನೆರಳು ಹುಡುಕಿದರು. ಬಾದಾಮಿಯಲ್ಲಿ ಮೊದಲ ಗುಹೆಗೇ ಇಬ್ಬರು ಹೆಂಗಸರೂ ಸಾಕು ಎಂದರು. ಅಲ್ಲಿಗೆ ನನ್ನ ಅಳತೆ ಸಿಕ್ಕಿತು: ನಾಲ್ಕುನೂರು ಮೀಟರಿಗೊಂದು ಕೂರುವ ತಾಣ, ಮೆಟ್ಟಿಲಿದ್ದಲ್ಲಿ ಲಿಫ್ಟ್. ತಂಡದಲ್ಲಿ ಎಲ್ಲರಿಗಿಂತ ಕಡಿಮೆ ನಡೆಯುವವರ ಅಳತೆಯನ್ನೇ ಹಿಡಿಯಬೇಕು. ಸರಾಸರಿ ತೆಗೆದರೆ ಪ್ರವಾಸ ಕೆಡುತ್ತದೆ.

ಈ ಅಳತೆಗೆ ಹೊಂದಿದ ಸುತ್ತು ಜಿನೋವಾ, ನೇಪಲ್ಸ್, ಮೆಸ್ಸಿನಾ, ಮಾಲ್ಟಾದ ವಲ್ಲೆಟ್ಟಾ, ಒಂದು ದಿನ ಬರೀ ಸಮುದ್ರ, ಬಾರ್ಸಿಲೋನಾ, ಮಾರ್ಸೇಲ್, ಮತ್ತೆ ಜಿನೋವಾ. ಎಲ್ಲ ಕಡೆಯೂ ಹಡಗು ದಕ್ಕೆಗೇ ಒರಗುತ್ತದೆ, ಇಟಲಿ, ಮಾಲ್ಟಾ, ಸ್ಪೇನ್, ಫ್ರಾನ್ಸ್ ಈ ನಾಲ್ಕೂ ದೇಶಗಳು ಒಂದೇ ವೀಸಾ ನಡೆಯುವ ಷೆಂಗೆನ್ ಗುಂಪಿನ ಒಳಗಿರುವುದರಿಂದ ವೀಸಾದ ತೊಡಕೂ ಕಡಿಮೆ. ಟರ್ಕಿ, ಮಾಂಟೆನೆಗ್ರೊ, ಟ್ಯುನೀಶಿಯಾ ಸೇರಿದ ಸುತ್ತುಗಳು ಅಗ್ಗವಾಗಿದ್ದವು. ಷೆಂಗೆನ್ ಬಿಟ್ಟು ಮರಳಿ ಒಳಬರಲು ಬಹುಪ್ರವೇಶದ ವೀಸಾ ಬೇಕಾಗುವುದರಿಂದ, ಮೂವರು ಹಿರಿಯರಲ್ಲಿ ಒಬ್ಬರಿಗೆ ಏಕಪ್ರವೇಶ ಸಿಕ್ಕರೂ ಎಲ್ಲವೂ ನಿಂತುಹೋಗುತ್ತದೆಂದು ಅವನ್ನು ಬಿಟ್ಟೆ. ರೋಮ್ ನೋಡಲೇಬೇಕೆಂಬುದು ತಂದೆಯವರ ಆಸೆ. ಹಡಗಿನವರು “ರೋಮ್” ಎಂದು ಬರೆಯುವ ಚಿವಿತಾವೆಕ್ಕಿಯಾ ಬಂದರು ಆ ನಗರದಿಂದ ಎಪ್ಪತ್ತು ಕಿಲೋಮೀಟರಿಗೂ ಹೆಚ್ಚು ದೂರವಿದೆ. ಒಂದೇ ದಿನದಲ್ಲಿ ಹೋಗಿ ಬರುವುದು ಓಟವೇ ಸರಿ. ಆದ್ದರಿಂದ ಮುಂಬಯಿಯಿಂದ ರೋಮಿಗೆ ಹಾರಿ, ಅಲ್ಲಿ ಕೆಲವು ರಾತ್ರಿ ತಂಗಿ ಆಯಾಸ ಕಳೆದು, ರೈಲಿನಲ್ಲಿ ಜಿನೋವಾಕ್ಕೆ ಹೋದೆವು. ಜಿನೋವಾದ ಪ್ರಿನ್ಸಿಪೆ ನಿಲ್ದಾಣದಿಂದ ಹಡಗಿನ ಕಟ್ಟೆ ಹತ್ತಿರವೇ ಇದೆ. ಇಟಲಿಯಲ್ಲಿ ಹೆಚ್ಚು ರಾತ್ರಿ ಬಿದ್ದದ್ದರಿಂದ ಯಾವ ದೇಶದ ವೀಸಾಕ್ಕೆ ಅರ್ಜಿ ಹಾಕಬೇಕೆಂಬ ಪ್ರಶ್ನೆಯೂ ಅಲ್ಲಿಗೇ ಬಗೆಹರಿಯಿತು.

ವೀಸಾದ ಬಗ್ಗೆ ಎರಡು ಮಾತು ಸಾಕು. ನಮ್ಮ ಕಡೆಯ ಹಿರಿಯರ ಹೆಸರು ಪಾಸ್‌ಪೋರ್ಟಿನಲ್ಲಿ ಒಂದು, ಬ್ಯಾಂಕ್ ಪಾಸ್‌ಬುಕ್ಕಿನಲ್ಲಿ ಇನ್ನೊಂದು, ಆಧಾರಿನಲ್ಲಿ ಮತ್ತೊಂದು ರೀತಿ ಇರುತ್ತದೆ. ಅಡ್ಡಹೆಸರು ಒಂದರಲ್ಲಿದ್ದರೆ ಇನ್ನೊಂದರಲ್ಲಿರುವುದಿಲ್ಲ. ಹಡಗಿನ ಟಿಕೆಟ್, ವಿಮಾನದ ಟಿಕೆಟ್, ವಿಮೆ ಎಲ್ಲವೂ ಪಾಸ್‌ಪೋರ್ಟಿನ ಅಕ್ಷರದಂತೆಯೇ ಇರಬೇಕು. ಬ್ಯಾಂಕಿನ ಕಾಗದ ಸರಿಪಡಿಸಲಿಕ್ಕೇ ನಮಗೆ ತಿಂಗಳ ಮೇಲೆ ಹಿಡಿಯಿತು. ಎರಡನೆಯದು ಬೆರಳಚ್ಚು. ಅತ್ತೆ ಜೀವಮಾನವೆಲ್ಲ ಹೊಲದಲ್ಲಿ ದುಡಿದವರು, ಬೆರಳ ಗೆರೆಗಳು ಸವೆದಿವೆ. ಬೆಂಗಳೂರಿನ ಕೇಂದ್ರದಲ್ಲಿ ಯಂತ್ರ ಮತ್ತೆಮತ್ತೆ ತಿರಸ್ಕರಿಸಿತು. ಹಿಂದಿನ ಒಂದು ವಾರ ರಾತ್ರಿ ಕೈಗೆ ಮುಲಾಮು ಹಚ್ಚಿಸಿದ್ದೆನಾದ್ದರಿಂದ ಕೊನೆಗೂ ಹಿಡಿಯಿತು ಎಂದೇ ನನ್ನ ನಂಬಿಕೆ. ವಿಮೆಯಲ್ಲಿ ಕನಿಷ್ಠ 30,000 ಯೂರೊ ವೈದ್ಯಕೀಯ ರಕ್ಷಣೆ ಕಡ್ಡಾಯ. ಸಕ್ಕರೆ ಕಾಯಿಲೆ, ರಕ್ತದೊತ್ತಡಗಳನ್ನು ಮುಚ್ಚಿಡದೆ ಬರೆಸಿದ್ದರಿಂದ ಹಿರಿಯರ ಕಂತು ತಲೆಗೆ ಒಂಬತ್ತು ಸಾವಿರದ ಹತ್ತಿರ ಹೋಯಿತು. ಅದನ್ನು ಉಳಿಸಲು ಹೋಗಬಾರದು. ಹಡಗಿನ ಆಸ್ಪತ್ರೆಯಲ್ಲಿ ತೋರಿಸಿದ್ದಕ್ಕೆಲ್ಲ ಖಾತೆಗೆ ಬಿಲ್ಲು ಬೀಳುತ್ತದೆ, ಆಮೇಲೆ ವಿಮೆಯಿಂದ ನಾವೇ ವಸೂಲು ಮಾಡಿಕೊಳ್ಳಬೇಕು.

ಈಗ ಹಣದ ಲೆಕ್ಕ, ನೆನಪಿನಿಂದ. ಹಿರಿಯರು ಮೂವರು, ನಾನು, ಹೆಂಡತಿ, ಹೀಗೆ ಐವರಿಗೂ ಸೇರಿ ಹಡಗಿಗೆ ಮೂರೂಮುಕ್ಕಾಲು ಲಕ್ಷದಷ್ಟು, ವಿಮಾನಕ್ಕೆ ಮೂರುಕಾಲು ಲಕ್ಷ, ವೀಸಾ ಮತ್ತು ವಿಮೆಗೆ ಒಂದು ಲಕ್ಷ, ರೋಮ್ ಮತ್ತು ಜಿನೋವಾದ ವಸತಿ, ರೈಲು ಸೇರಿ ಲಕ್ಷದ ಮೇಲೆ ಸ್ವಲ್ಪ, ದಡದ ಟ್ಯಾಕ್ಸಿ, ಊಟ, ಹಡಗಿನ ಸೇವಾಶುಲ್ಕಕ್ಕೆ ಇನ್ನೊಂದು ಲಕ್ಷ, ಬೆಂಗಳೂರಿನ ಓಡಾಟ ಬೇರೆ. ಒಟ್ಟು ಹತ್ತೂವರೆ ಲಕ್ಷದ ಆಸುಪಾಸು, ಅಂದರೆ ಆ ಸಂಸ್ಥೆ ಕೇಳಿದ್ದಕ್ಕಿಂತ ನಾಲ್ಕೂವರೆ ಲಕ್ಷ ಕಡಿಮೆ. ಸೇವಾಶುಲ್ಕ ಆಗ ತಲೆಗೆ ದಿನಕ್ಕೆ ಹನ್ನೆರಡು ಯೂರೊದಷ್ಟಿತ್ತು, ಅದು ಟಿಕೆಟ್ ದರದಲ್ಲಿ ಕಾಣದೆ ಕೊನೆಯ ಬಿಲ್ಲಿನಲ್ಲಿ ಬರುತ್ತದೆ, ಮೊದಲೇ ಎಣಿಸಿಟ್ಟುಕೊಳ್ಳಿ. ದೊಡ್ಡ ಉಳಿತಾಯ ಬಂದದ್ದು ಕ್ಯಾಬಿನ್‌ನಲ್ಲಿ. ಒಂದೇ ಕ್ಯಾಬಿನ್‌ನ ಮೂರನೆಯವರಿಗೆ ದರ ಬಹಳ ಇಳಿಯುತ್ತದೆ. ಹಿರಿಯರು ಮೂವರನ್ನೂ ಬಾಲ್ಕನಿಯಿರುವ ಕ್ಯಾಬಿನ್‌ನಲ್ಲಿರಿಸಿ, ನಾನೂ ಹೆಂಡತಿಯೂ ಎದುರಿನ ಕಿಟಕಿಯಿಲ್ಲದ ಅಗ್ಗದ ಕ್ಯಾಬಿನ್‌ನಲ್ಲಿದ್ದೆವು. ಬೆಳಗಿನ ಹೊತ್ತು ಅವರಲ್ಲೊಬ್ಬರು ನಮ್ಮ ಬಚ್ಚಲು ಬಳಸುತ್ತಿದ್ದರು. ಎರಡೂ ಎದುರುಬದುರು, ನಡುಮಧ್ಯದ ಲಿಫ್ಟಿನ ಹತ್ತಿರ ಸಿಗುವಂತೆ ಮಾಡಿಕೊಂಡದ್ದು ಹೇಗೆ, ಯಾವ ವಾರದಲ್ಲಿ ಹಣ ಕಟ್ಟಿದೆ ಎಂಬುದನ್ನು ಮಾತ್ರ ಇಲ್ಲಿ ಬರೆಯುವುದಿಲ್ಲ. ಮುಂದಿನ ಸಲ ನನಗೂ ಅದೇ ಬೇಕಾಗಿದೆ.

ಊಟದ ಪ್ರಯೋಗಗಳಿಗೆ ಹೆಂಡತಿ ಎರಡು ತಿಂಗಳು ಕೊಟ್ಟಳು. ಹಾಲು, ಮಾಂಸದ ಪದಾರ್ಥಗಳನ್ನು ಹೊರದೇಶದವರು ಯುರೋಪಿಯನ್ ಒಕ್ಕೂಟದೊಳಗೆ ತರುವಂತಿಲ್ಲ, ಆದ್ದರಿಂದ ಬೆಳಗಾವಿಯ ಕುಂದಾ, ಧಾರವಾಡದ ಪೇಡೆ ಮನೆಯಲ್ಲೇ ಉಳಿದವು. ಖಡಕ್ ರೊಟ್ಟಿ, ಶೇಂಗಾ ಹಿಂಡಿ, ಅಗಸಿ ಹಿಂಡಿ ಜತೆಗೆ ಬಂದವು. ರೊಟ್ಟಿಯನ್ನು ಬರೀ ಪ್ಲಾಸ್ಟಿಕ್ಕಿನಲ್ಲಿಟ್ಟಾಗ ಸೊಲ್ಲಾಪುರಕ್ಕೆ ಹೋಗಿ ಬರುವಷ್ಟರಲ್ಲಿ ಪುಡಿಯಾದವು. ಸ್ಟೀಲ್ ಡಬ್ಬಿಯಲ್ಲಿ ಇಟ್ಟರೆ ಭಾರ. ಕೊನೆಗೆ ಚಿಕ್ಕ ಅಳತೆಯಲ್ಲಿ ತಟ್ಟಿಸಿ, ಹತ್ತಿಯ ಬಟ್ಟೆ ಸುತ್ತಿ, ಅಗಲ ರಟ್ಟಿನ ಡಬ್ಬಿಯಲ್ಲಿ ಸೀರೆಗಳ ನಡುವೆ ಇಟ್ಟದ್ದು ಗೆದ್ದಿತು. ಮೂರರಲ್ಲೆರಡು ಪಾಲು ಇಡಿಯಾಗಿ ತಲುಪಿದವು. ಹಡಗಿನ ಬಫೆಯಲ್ಲಿ ಬೆಳಿಗ್ಗೆ ಸಪ್ಪೆ ಮೊಸರು ಸಿಗುತ್ತದೆ, ಸೌತೆಕಾಯಿ, ಟೊಮೆಟೊ ಇರುತ್ತವೆ. ರೊಟ್ಟಿ ಹಿಂಡಿಗೆ ಇನ್ನೇನು ಬೇಕು. ನೀರು ಕಾಯಿಸುವ ಕೆಟಲ್, ಇಸ್ತ್ರಿಪೆಟ್ಟಿಗೆ, ಊದುಬತ್ತಿ, ದೀಪ ಯಾವುದಕ್ಕೂ ಕ್ಯಾಬಿನ್‌ನಲ್ಲಿ ಅವಕಾಶವಿಲ್ಲ. ಬೆಂಕಿಯ ಭಯದಿಂದ ಅದು ಸರಿಯೂ ಹೌದು. ಅತ್ತೆಯವರ ಇಷ್ಟಲಿಂಗ ಪೂಜೆ ವಿಭೂತಿ ಮತ್ತು ನೀರಿನಲ್ಲೇ ನಡೆಯಿತು. ಬಿಲ್ವಪತ್ರೆ ಒಯ್ಯಲು ಸಸ್ಯ ಆರೋಗ್ಯದ ಪ್ರಮಾಣಪತ್ರ ಬೇಕು ಎಂದಾಗ ಅವರೇ ಬೇಡವೆಂದರು.

ಬಂದರುಗಳಲ್ಲಿ ನನ್ನ ಹಾಳೆಯ ಲೆಕ್ಕ ತಪ್ಪಲಿಲ್ಲ. ನೇಪಲ್ಸಿನಲ್ಲಿ ಹಡಗಿನ ಕಟ್ಟಡದ ಎದುರಿಗೇ ಕಾಸ್ತೆಲ್ ನುವೊವೊ ಕೋಟೆ. ಅಲ್ಲಿಂದ ಗಾಜಿನ ಮಾಡಿನ ಉಂಬೆರ್ತೊ ಗ್ಯಾಲರಿಯವರೆಗೆ ನಡುವೆ ಒಮ್ಮೆ ಕುಳಿತು ಹೋದೆವು. ಹತ್ತಿರದ ಪ್ರಾಚೀನ ನಗರ ಪಾಂಪೆಯಿಯ ಅವಶೇಷ ನೋಡುವುದನ್ನು ಬಿಟ್ಟೆವು, ಅದರ ಉಬ್ಬುತಗ್ಗಿನ ಕಲ್ಲುಹಾಸು ಅತ್ತೆಗೆ ಆಗದು. ಎಲ್ಲಕ್ಕಿಂತ ಮೇಲಾದದ್ದು ಮೆಸ್ಸಿನಾ. ಹಡಗಿನವರೆಲ್ಲ ದುಡ್ಡು ಕೊಟ್ಟು ಬಸ್ಸು ಹತ್ತಿ ಬೆಟ್ಟದ ಮೇಲಿನ ಊರಾದ ತಾವೊರ್ಮಿನಾಕ್ಕೆ ಹೋದರು. ನಾವು ಹತ್ತು ನಿಮಿಷದ ದಾರಿಯನ್ನು ಅರ್ಧ ಗಂಟೆಯಲ್ಲಿ ನಡೆದು, ಮುಖ್ಯ ಚರ್ಚಿನ ಮುಂದೆ ಕುಳಿತೆವು. ಅದರ ಗೋಪುರದಲ್ಲಿ 1933ರಲ್ಲಿ ಸ್ಟ್ರಾಸ್‌ಬರ್ಗಿನ ಕುಶಲಿಗರು ಕೂರಿಸಿದ ಖಗೋಳ ಗಡಿಯಾರವಿದೆ. ಮಧ್ಯಾಹ್ನ ಹನ್ನೆರಡಕ್ಕೆ ಚಿನ್ನದ ಬಣ್ಣದ ಸಿಂಹ ಗರ್ಜಿಸುತ್ತದೆ, ಕೋಳಿ ಕೂಗುತ್ತದೆ, ಬೊಂಬೆಗಳು ಒಂದೊಂದಾಗಿ ತಿರುಗುತ್ತವೆ. ಒಂದು ಯೂರೊ ಖರ್ಚಿಲ್ಲದೆ ತಾಯಿ ಇಡೀ ಪ್ರವಾಸದಲ್ಲಿ ಅತಿ ಹೆಚ್ಚು ಸಂತೋಷಪಟ್ಟ ಹೊತ್ತು ಅದು. ವಲ್ಲೆಟ್ಟಾದಲ್ಲಿ ದಕ್ಕೆಯ ಹತ್ತಿರದಿಂದ ಐವತ್ತೆಂಟು ಮೀಟರ್ ಮೇಲಕ್ಕೆ ಬರಕ್ಕಾ ಲಿಫ್ಟ್ ಒಯ್ಯುತ್ತದೆ. ಮೇಲಿನ ಉದ್ಯಾನದ ಬೆಂಚುಗಳಿಂದಲೇ ಇಡೀ ಬಂದರು, ಕೋಟೆಗೋಡೆ ಕಾಣುತ್ತವೆ. ಬಾರ್ಸಿಲೋನಾದಲ್ಲಿ ದಕ್ಕೆಯಿಂದ ನಡೆಯುವಂತಿಲ್ಲ. ಟ್ಯಾಕ್ಸಿಯಲ್ಲಿ ನೇರ ಸಗ್ರಾದಾ ಫಮಿಲಿಯಾ ಚರ್ಚಿಗೆ ಹೋಗಿ, ಮೊದಲೇ ತೆಗೆದ ಟಿಕೆಟಿನಲ್ಲಿ ಒಳಹೊಕ್ಕು, ಟ್ಯಾಕ್ಸಿಯಲ್ಲೇ ಮರಳಿದೆವು. ಮಾರ್ಸೇಲ್‌ನಲ್ಲಿ ಹಡಗಿನ ನಿಲ್ದಾಣ ಹಳೆಯ ಬಂದರಿನಿಂದ ಬಹಳ ದೂರ. ಅಲ್ಲಿ ಇಳಿಯಲೇ ಇಲ್ಲ. ಬಂದರಿನ ದಿನ ಹಡಗು ಖಾಲಿಯಿರುತ್ತದೆ, ಬಿಸಿನೀರಿನ ಕೊಳ, ಬಿಸಿಲಿನ ಕುರ್ಚಿ ಎಲ್ಲ ನಮ್ಮವೇ. ಇದನ್ನು ವ್ಯರ್ಥವೆಂದು ಹೇಳುವವರು ಹಿರಿಯರ ಜತೆ ಹೋಗಿಲ್ಲ.

ದಡದಲ್ಲಿ ಕೂರಲು ಮಡಚುವ ಗಾಲಿಕುರ್ಚಿ, ಕುರ್ಚಿಯಾಗುವ ಕೋಲು, ಮಡಚುವ ಸ್ಟೂಲ್ ಮೂರನ್ನೂ ನವನಗರದ ರಸ್ತೆಗಳಲ್ಲಿ ಪರೀಕ್ಷಿಸಿದ್ದೆ. ಕೋಲು ಅಲುಗಾಡುತ್ತದೆ, ಗಾಲಿಕುರ್ಚಿ ಕಲ್ಲುಹಾಸಿನ ಮೇಲೆ ಕುಲುಕುತ್ತದೆ. ನಾಲ್ಕುನೂರು ರೂಪಾಯಿಯ ಸ್ಟೂಲೇ ಗೆದ್ದಿತು. ಗಾಲಿಕುರ್ಚಿಯನ್ನು ವಿಮಾನ ನಿಲ್ದಾಣದಲ್ಲಿ ಮೊದಲೇ ಕೇಳಿ ಪಡೆದರೆ ಸಾಕು.

ಬಾರ್ಸಿಲೋನಾದಿಂದ ಮಾರ್ಸೇಲಿಗೆ ಹೋಗುವ ರಾತ್ರಿ ಲಿಯಾನ್ ಕೊಲ್ಲಿಯಲ್ಲಿ ಮಿಸ್ಟ್ರಾಲ್ ಗಾಳಿ ಎದ್ದರೆ ಹಡಗು ತೂಗುತ್ತದೆ. ಹಡಗಿನ ನಡುಭಾಗದ, ಕೆಳಗಿನ ಅಂತಸ್ತಿನ ಕ್ಯಾಬಿನ್ ಹಿಡಿದಿದ್ದೇ ಇದಕ್ಕಾಗಿ. ತಂದೆಯವರಿಗೆ ತೂಗಿದ್ದು ಗೊತ್ತೇ ಆಗಲಿಲ್ಲ, ಅತ್ತೆ ವೈದ್ಯರು ಬರೆದ ಮಾತ್ರೆ ನುಂಗಿ ಮಲಗಿದರು. ಬಚ್ಚಲಿನ ಬಾಗಿಲಿಗೆ ಎತ್ತರದ ಹೊಸ್ತಿಲಿರುತ್ತದೆ. ರಾತ್ರಿ ಎಡವದಿರಲು ಅದಕ್ಕೆ ಬಿಳಿ ಟೇಪು ಅಂಟಿಸಿ, ಪುಟ್ಟ ಬ್ಯಾಟರಿ ದೀಪ ಇಟ್ಟಿದ್ದೆ.

ಮಾತ್ರೆಗಳನ್ನು ಯಾವಾಗಲೂ ಕೈಚೀಲದಲ್ಲಿಡಬೇಕು. ಹಡಗು ಹತ್ತುವ ದಿನ ಪೆಟ್ಟಿಗೆಗಳನ್ನು ದಕ್ಕೆಯಲ್ಲೇ ಪಡೆದು ಸಂಜೆಯ ಹೊತ್ತಿಗೆ ಕ್ಯಾಬಿನ್‌ಗೆ ತಲುಪಿಸುತ್ತಾರೆ. ಕೊನೆಯ ರಾತ್ರಿಯೂ ಹಾಗೆಯೇ, ಬಾಗಿಲ ಹೊರಗಿಟ್ಟ ಪೆಟ್ಟಿಗೆ ಮರುದಿನ ದಡದಲ್ಲಿ ಸಿಗುತ್ತದೆ. ಮೊಬೈಲುಗಳನ್ನು ಏರೋಪ್ಲೇನ್ ಮೋಡಿನಲ್ಲಿಟ್ಟು ನಾನೇ ಇಟ್ಟುಕೊಂಡಿದ್ದೆ, ಏಕೆಂದರೆ ನಡುಸಮುದ್ರದ ಹಡಗಿನ ಜಾಲಕ್ಕೆ ಸಿಕ್ಕಿದ ಒಂದು ಕರೆಗೆ ಸಾವಿರಗಳಲ್ಲಿ ಬಿಲ್ಲು ಬರಬಹುದು.

ಇಳಿದ ಮೇಲೂ ಒಂದು ಕೆಲಸ ಉಳಿಯಿತು. ಏಜೆಂಟರ ಮೂಲಕ ಪ್ಯಾಕೇಜ್ ಕೊಂಡಿದ್ದರಿಂದ ಆಗ 5% ಟಿ.ಸಿ.ಎಸ್. (ಹಣ ಪಡೆಯುವಾಗಲೇ ವಸೂಲು ಮಾಡುವ ಆದಾಯ ತೆರಿಗೆ) ಹಿಡಿದಿದ್ದರು, ಅದೂ ಹಣ ಕಟ್ಟಿದ ಅವರವರ ಪ್ಯಾನ್ ಸಂಖ್ಯೆಯ ಮೇಲೆ. ತಂದೆಗೂ ಅತ್ತೆಗೂ ತೆರಿಗೆ ಬೀಳುವಷ್ಟು ಆದಾಯವಿಲ್ಲ, ಆದರೂ ರಿಟರ್ನ್ ಸಲ್ಲಿಸದೆ ಆ ಹಣ ಮರಳುವುದಿಲ್ಲ. ಬಾಗಲಕೋಟೆಯ ನಮ್ಮ ಲೆಕ್ಕಿಗರು ಇಬ್ಬರಿಗೂ ರಿಟರ್ನ್ ತುಂಬಿದರು, ಕೆಲವು ತಿಂಗಳಲ್ಲಿ ಹಣ ಖಾತೆಗೆ ಬಂದಿತು. ಅತ್ತೆ ಅದನ್ನು ಮುಂದಿನ ಸುತ್ತಿಗೆಂದು ಬೇರೆಯಾಗಿ ತೆಗೆದಿಟ್ಟಿದ್ದಾರೆ, ನಾನು ಆಡ್ರಿಯಾಟಿಕ್ ಸಮುದ್ರದ ಕಡೆಯ ದಕ್ಕೆಗಳನ್ನು ಅಳೆಯತೊಡಗಿದ್ದೇನೆ.