ರೈಸ್ ಮಿಲ್‌ಗೆ ಸಾಫ್ಟ್‌ವೇರ್ ಹಾಕಿಸುವ ಮುನ್ನ

ಗಂಗಾವತಿ, ಕಾರಟಗಿ, ಸಿಂಧನೂರು ಭಾಗದಲ್ಲಿ ಮಿಲ್ ನಡೆಸುತ್ತಿರುವ ಬಂಧುಗಳು ಸಾಫ್ಟ್‌ವೇರ್ ಕಂಪನಿಯವರನ್ನು ಕರೆಸುವ ಮೊದಲು, ಭತ್ತದ ಲಾರಿ ತೂಕದ ಕಾಟಾಕ್ಕೆ ಬಂದಾಗಿನಿಂದ ರೈತರಿಗೆ ಹಣ ಸಂದಾಯವಾಗುವವರೆಗೆ ಯಾವ ಚೀಟಿ ಯಾರ ಕೈಯಿಂದ ಯಾರ ಕೈಗೆ ಹೋಗುತ್ತದೆ ಎಂಬುದನ್ನು ಒಂದು ದಿನ ಗೇಟಿನ ಬಳಿಯೇ ಕುಳಿತು ಬರೆದುಕೊಳ್ಳಬೇಕೆಂದು ವಿನಂತಿಸುತ್ತೇನೆ.

ನಾನು ಲೆಕ್ಕ ನೋಡುತ್ತಿದ್ದ ಮಿಲ್ಲೊಂದರಲ್ಲಿ ಈ ಕೆಲಸವಾಗಿರಲಿಲ್ಲ. ಭತ್ತದ ದರ 75 ಕೆಜಿ ಚೀಲದ ಲೆಕ್ಕದಲ್ಲಿತ್ತು, ಸಾಫ್ಟ್‌ವೇರ್ ಕ್ವಿಂಟಲ್‌ನಲ್ಲಿ ಕೇಳುತ್ತಿತ್ತು. ತೇವಾಂಶಕ್ಕಾಗಿ ಕಡಿತ ಮಾಡಿದ ತೂಕವನ್ನು ನಮೂದಿಸಲು ಜಾಗವೇ ಇರಲಿಲ್ಲ. ಸುಗ್ಗಿಯ ಎರಡನೇ ವಾರಕ್ಕೆ ಗುಮಾಸ್ತರು ಮತ್ತೆ ಹಳೆಯ ಕೆಂಪು ಲೆಡ್ಜರ್ ತೆರೆದರು. ಅವರ ತಪ್ಪು ಅದರಲ್ಲಿ ಏನೂ ಇರಲಿಲ್ಲ, ಏಕೆಂದರೆ ಯೋಜನೆ ರೂಪಿಸುವಾಗ ಅವರನ್ನು ಯಾರೂ ಕೇಳಿರಲಿಲ್ಲ.

ಅಮೆರಿಕದ ಎಂಐಟಿ ವಿಶ್ವವಿದ್ಯಾಲಯದ ಸಂಶೋಧಕ ಜಾನ್ ರಾಕಾರ್ಟ್ 1979ರಲ್ಲಿ ಮುಂದಿಟ್ಟ ವಿಧಾನ ಇಲ್ಲಿ ಬಹಳ ಉಪಯುಕ್ತ: ವ್ಯವಹಾರ ಉಳಿಯಬೇಕಾದರೆ ತಪ್ಪದೇ ಸರಿಯಾಗಿ ನಡೆಯಲೇಬೇಕಾದ ಕೆಲವೇ ಸಂಗತಿಗಳನ್ನು ಮಾಲೀಕರಿಂದಲೇ ಕೇಳಿ ತಿಳಿದು, ಅವುಗಳಿಗೆ ಬೇಕಾದ ಮಾಹಿತಿಯನ್ನು ಮೊದಲು ಗುರುತಿಸಬೇಕು. ಮಿಲ್ಲಿಗೆ ಅವು ಅಕ್ಕಿಯ ಇಳುವರಿ, ನುಚ್ಚಿನ ಪ್ರಮಾಣ ಮತ್ತು ಬಾಕಿ ವಸೂಲಿ ಎಂಬುದು ನನ್ನ ಅಭಿಪ್ರಾಯ. ಹಾಜರಾತಿ ಮುಂತಾದವು ಆಮೇಲೆ ಬರಲಿ.

ಮಾಲೀಕರು ತಾವೇ ಸಭೆಯಲ್ಲಿ ಕುಳಿತುಕೊಳ್ಳಬೇಕು, ಸಿಬ್ಬಂದಿಯ ತರಬೇತಿಗೂ ಹಣ ತೆಗೆದಿಡಬೇಕು. ಸುಗ್ಗಿ ಮುಗಿದ ಮೇಲೆ ಆರಂಭಿಸಿ, ಒಂದು ಹಂಗಾಮು ಪೂರ್ತಿ ಲೆಡ್ಜರ್ ಮತ್ತು ಕಂಪ್ಯೂಟರ್ ಎರಡನ್ನೂ ಜೊತೆಯಲ್ಲೇ ನಡೆಸಿ, ಪ್ರತಿ ಸಂಜೆ ಎರಡೂ ಲೆಕ್ಕಗಳನ್ನು ತಾಳೆ ನೋಡಿರಿ.