ಸಗುವಾರೊ ಕಳ್ಳಿ ಹಣ್ಣಿನಿಂದ ಪಾಕ ಮಾಡೋದು, ಟೊಹೊನೊ ಓಧಮ್ ಜನರ ರೀತಿ

ಅಮೆರಿಕದ ಅರಿಜೋನಾದ ಸೊನೊರಾನ್ ಮರುಭೂಮೀಲಿ, ಅಲ್ಲಿನ ಮೂಲನಿವಾಸಿಗಳಾದ ಟೊಹೊನೊ ಓಧಮ್ ಜನರ ನಾಡಲ್ಲಿ, ಜೂನ್ ಕೊನೆ, ಜುಲೈ ಶುರು ಅಂದ್ರೆ ಮಳೆಗೆ ಮುಂಚಿನ ಸುಡು ಬಿಸಿಲು, ಸಗುವಾರೊ ಹಣ್ಣಾಗೋದು ಆಗ್ಲೇ. ಬೆಳಗ್ಗೆ ಬೇಗ ಹೊರಡ್ಬೇಕು, ಹೊತ್ತೇರಿದ್ರೆ ನಿಲ್ಲಕ್ಕಾಗಲ್ಲ.

ಕಳ್ಳಿ ಮನೆಗಿಂತ ಎತ್ತರ, ಹಣ್ಣು ತುದೀಲಿ, ಅದಕ್ಕೆ ಉದ್ದನೆ ದೋಟಿ ಬೇಕು. ಅದನ್ನೂ ಸತ್ತು ಒಣಗಿದ ಸಗುವಾರೊದ ಒಳಗಿನ ಕಡ್ಡಿಗಳನ್ನ ಒಂದಕ್ಕೊಂದು ಜೋಡಿಸಿ ಕಟ್ಟಿ, ತುದಿಗೆ ಅಡ್ಡ ಒಂದು ಸಣ್ಣ ಕೋಲು ಬಿಗಿದು ಮಾಡ್ತಾರೆ, ಕಳ್ಳಿ ಹಣ್ಣನ್ನ ಕಳ್ಳಿ ಕೋಲಿಂದಾನೇ ಕೀಳೋದು ನಂಗಂತೂ ತುಂಬಾ ಇಷ್ಟವಾದ ವಿಷಯ.

ಬಿದ್ದ ಹಣ್ಣಿಗೆ ಚಾಕು ಬೇಡ. ತುದೀಲಿ ಒಣಗಿ ಅಂಟ್ಕೊಂಡಿರೋ ಹೂವು ಗಟ್ಟಿಯಾಗಿರತ್ತೆ, ಅದ್ರ ಅಂಚಿಂದಾನೇ ಸಿಪ್ಪೆ ಸೀಳಿ, ಒಳಗಿನ ಕೆಂಪು ತಿರುಳು, ಅದ್ರ ತುಂಬ ಪುಟ್ಟ ಕಪ್ಪು ಬೀಜ, ಹೆಬ್ಬೆರಳಲ್ಲಿ ತೆಗೆದು ಬಕೆಟ್‌ಗೆ ಹಾಕಿ. ಖಾಲಿ ಸಿಪ್ಪೆಯನ್ನ ಕೆಂಪು ಬದಿ ಆಕಾಶಕ್ಕೆ ಕಾಣೋ ಹಾಗೆ ನೆಲದ ಮೇಲಿಡ್ತಾರೆ, ಮಳೆ ಬರ್ಲಿ ಅಂತ, ಇದನ್ನ ಮರೀಬೇಡಿ. ಎಲ್ಲಾ ಕಿತ್ಕೊಳ್ಳೋದೂ ಬೇಡ, ಪಾರಿವಾಳ, ಬಾವಲಿಗೂ ಇದೇ ಊಟ.

ಆಮೇಲೆ ತಿರುಳನ್ನ ನೀರಲ್ಲಿ ನೆನೆಸಿ, ಕುದಿಸಿ, ಸೋಸಿ, ಆ ರಸವನ್ನ ಸಣ್ಣ ಉರೀಲಿ ಕಂದು ಬಣ್ಣಕ್ಕೆ ತಿರುಗಿ ಗಟ್ಟಿಯಾಗೋವರೆಗೂ ಬತ್ತಿಸ್ಬೇಕು, ಗಂಟೆಗಟ್ಲೆ ಹಿಡಿಯತ್ತೆ, ತಳ ಹಿಡೀದಂಗೆ ಕೈಯಾಡಿಸ್ತಾನೇ ಇರಿ. ಬಕೆಟ್ ತುಂಬ ಹಣ್ಣಿಗೆ ಸಿಗೋ ಪಾಕ ಸ್ವಲ್ಪಾನೇ. ಬೀಜ ಒಣಗಿಸಿ ಹಿಟ್ಟು ಮಾಡ್ಕೋಬಹುದು.

ಇದೇ ಪಾಕ ಹುಳಿಬರಿಸಿದ್ರೆ ಮಳೆ ಕರೆಯೋ ಆಚರಣೆಯ ಮದ್ಯ ಆಗತ್ತೆ, ಆದ್ರೆ ಅದು ಟೊಹೊನೊ ಓಧಮ್ ಜನರದ್ದು, ಹೊರಗಿನವರು ಮಾಡಕ್ಕೆ ಹೋಗ್ಬೇಡಿ. ಅನುಮತಿ ಇಲ್ದೆ ಹಣ್ಣು ಕೀಳೋದೂ ಬೇಡ.